ರೋಮ್‌ನ ಭಾನುವಾರದ ಸಂತೆಯಲ್ಲಿ ಹಳೇ ಸಾಮಾನು ಕೊಳ್ಳುವುದು ಹೇಗೆ?

ರೋಮ್‌ಗೆ ಹೋದವರು ಕೊಲೊಸಿಯಂ ನೋಡುತ್ತಾರೆ, ವ್ಯಾಟಿಕನ್ ನೋಡುತ್ತಾರೆ, ಬರುವಾಗ ಫ್ರಿಜ್‌ಗೆ ಅಂಟಿಸೋಕೆ ನಾಲ್ಕು ಮ್ಯಾಗ್ನೆಟ್ ತರುತ್ತಾರೆ. ನಿಮ್ಮ ಪ್ರವಾಸದಲ್ಲಿ ಒಂದು ಭಾನುವಾರ ಇದ್ದರೆ ಮ್ಯಾಗ್ನೆಟ್ ಬಿಡಿ, ಪೋರ್ತಾ ಪೋರ್ತೇಸೆಗೆ ಹೋಗಿ. ಟೈಬರ್ ನದಿಯ ಪಕ್ಕ, ತ್ರಾಸ್ತೇವೆರೆ ಬಡಾವಣೆಯ ಅಂಚಿನಲ್ಲಿ ಸೇರುವ ದೊಡ್ಡ ಗುಜರಿ ಸಂತೆ ಇದು. ಎರಡನೇ ಮಹಾಯುದ್ಧ ಮುಗಿದ ಹೊತ್ತಿನಲ್ಲಿ, ಅಂದರೆ 1945ರ ಆಸುಪಾಸು, ಜನರ ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಬೆಳೆದದ್ದು. ಪಕ್ಕದಲ್ಲಿರುವ ಹಳೇ ನಗರದ್ವಾರದ ಹೆಸರೇ ಸಂತೆಗೂ ಬಂದಿದೆ.

ಯಾವಾಗ, ಹೇಗೆ

ಸಂತೆ ಭಾನುವಾರ ಮಾತ್ರ. ಬೆಳಗ್ಗೆ ಏಳರ ಹೊತ್ತಿಗೆ ರಂಗೇರುತ್ತದೆ, ಮಧ್ಯಾಹ್ನ ಎರಡಕ್ಕೆಲ್ಲ ಖಾಲಿ. ಒಂದು ಗಂಟೆಯ ನಂತರ ರೇಟು ಇಳಿಯುವುದು ನಿಜ. ಆದರೆ ಅಷ್ಟರಲ್ಲಿ ಒಳ್ಳೆಯದೆಲ್ಲ ಬೇರೆಯವರ ಚೀಲ ಸೇರಿರುತ್ತದೆ. ನನ್ನ ಓಟು ಬೆಳಗ್ಗೆ ಎಂಟಕ್ಕೆ. ಪಿಯಾತ್ಸಾ ವೆನೇತ್ಸಿಯಾ ಕಡೆಯಿಂದ 8ನೇ ನಂಬರ್ ಟ್ರ್ಯಾಮ್ ಹತ್ತಿದರೆ ಸಂತೆಯ ಹತ್ತಿರವೇ ಇಳಿಯಬಹುದು.

ಐದು, ಹತ್ತು ಯೂರೋ ನೋಟುಗಳು ಮತ್ತು ಚಿಲ್ಲರೆ ಇಟ್ಟುಕೊಳ್ಳಿ. ಎರಡು ಯೂರೋ ಬಟ್ಟಲಿಗೆ ಐವತ್ತರ ನೋಟು ಚಾಚಿದರೆ ಯಾರಿಗೆ ತಾನೇ ಸಿಟ್ಟು ಬರಲ್ಲ? ಬ್ಯಾಗನ್ನು ಬೆನ್ನಿಗಲ್ಲ, ಎದೆಗೆ ಹಾಕಿಕೊಳ್ಳಿ. ಜನ ಒತ್ತೊತ್ತಾಗಿ ನಡೆಯುವ ಜಾಗ, ಜೇಬುಗಳ್ಳರಿಗೂ ಅದು ಗೊತ್ತು.

ಮೊದಲ ಸುತ್ತು ಬರಿಗೈಯಲ್ಲಿ

ವಿಯಾ ಪೋರ್ತುಯೆನ್ಸೆ ರಸ್ತೆಗೆ ಕಾಲಿಟ್ಟ ಕೂಡಲೇ ಕಾಣುವುದು ಸಾಕ್ಸು, ಮೊಬೈಲ್ ಕವರು, ಪ್ಲಾಸ್ಟಿಕ್ ಡಬ್ಬ. ‘ಇಷ್ಟೇನಾ?’ ಅಂತ ಅನೇಕರು ಇಲ್ಲಿಂದಲೇ ವಾಪಸಾಗುತ್ತಾರೆ. ನೀವು ನಡೆಯುತ್ತಾ ಇರಿ. ಹಳೇ ಪಿಂಗಾಣಿ, ಲ್ಯಾಂಪು, ಚೌಕಟ್ಟು ಹಾಕಿದ ಚಿತ್ರ, ಪುಸ್ತಕ, ಕುರ್ಚಿ ಇವೆಲ್ಲ ಪಿಯಾತ್ಸಾ ಇಪ್ಪೋಲಿತೊ ನಿಯೆವೊ ಕಡೆ ಜಾಸ್ತಿ. ಒಂದು ಸುತ್ತು ಸುಮ್ನೆ ನೋಡಿ, ಎರಡು ಮೂರು ಕಡೆ ಬೆಲೆ ಕೇಳಿ. ಕೈಗೆ ಬಂದದ್ದನ್ನು ಮಾತ್ರ ಕೆಳಗಿಡಲು ಮನಸ್ಸಾಗದಿದ್ದರೆ ಅಲ್ಲೇ ಕೊಂಡುಬಿಡಿ. ವಾಪಸ್ ಬರುವಷ್ಟರಲ್ಲಿ ಅದು ಇರುವುದಿಲ್ಲ.

ಬಟ್ಟೆ ರಾಶಿ

ಮೇಜಿನ ಮೇಲೆ ಬೆಟ್ಟದ ಹಾಗೆ ಸುರಿದ ಬಟ್ಟೆಗಳಿಗೆ ಒಂದೇ ಬೆಲೆಯ ಚೀಟಿ ಇರುತ್ತದೆ. ಇಲ್ಲಿ ಕಣ್ಣಿಗಿಂತ ಬೆರಳಿಗೆ ಕೆಲಸ. ರಾಶಿಯೊಳಗೆ ಕೈ ತೂರಿಸಿ. ಉಣ್ಣೆ, ರೇಷ್ಮೆ, ಚರ್ಮ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ಹೊರಗೆಳೆದು ಒಳಗಿನ ಲೇಬಲ್ ಓದಿ. ಲಾನಾ ಅಂದರೆ ಉಣ್ಣೆ, ಸೇತಾ ಅಂದರೆ ರೇಷ್ಮೆ, ಪೆಲ್ಲೆ ಅಂದರೆ ಚರ್ಮ. ‘ಪೋಲಿಯೆಸ್ತೆರೆ’ ಎಂದಿದ್ದರೆ ನಮ್ಮ ಪಾಲಿಯೆಸ್ಟರೇ, ಮತ್ತೆ ರಾಶಿಗೆ ಹಾಕಿ. ಉಣ್ಣೆಯ ಉಂಡೆಯಂತೆ ಕಾಣುವ ವುಲ್‌ಮಾರ್ಕ್ ಚಿಹ್ನೆ ಬಂದದ್ದು 1964ರಲ್ಲಿ. ಅದು ಇರುವ ಕೋಟನ್ನು ‘ಯುದ್ಧಕಾಲದ್ದು’ ಅಂತ ಯಾರಾದರೂ ಹೇಳಿದರೆ ನಗಬಹುದು.

ಆಮೇಲೆ ಕೋಟನ್ನು ಬಿಸಿಲಿಗೆ ಎತ್ತಿ ಹಿಡಿಯಿರಿ. ಹುಳು ತಿಂದ ತೂತು ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತದೆ. ಕಂಕುಳ ಭಾಗ ಮೂಸಿ ನೋಡಿ, ನಾಚಿಕೆ ಬೇಡ. ಗುಂಡಿ ಬಿದ್ದಿದ್ದರೆ, ಲೈನಿಂಗ್ ಹರಿದಿದ್ದರೆ ನಮ್ಮೂರ ಟೈಲರ್ ಸರಿಮಾಡುತ್ತಾರೆ. ಬೆವರಿನ ಕಲೆ, ಬಿರುಕು ಬಿಟ್ಟ ಚರ್ಮ ಯಾರ ಕೈಲೂ ಆಗಲ್ಲ. ಟ್ರಯಲ್ ರೂಮ್ ಇಲ್ಲ, ಹಾಗಾಗಿ ತೆಳು ಬಟ್ಟೆ ಹಾಕಿಕೊಂಡು ಹೋಗಿ ಅದರ ಮೇಲೇ ಹಾಕಿ ನೋಡಿ. ಗಂಡಸರ ಕೋಟಿನ ಅಳತೆ ನೋಡಿ ಗಾಬರಿಯಾಗಬೇಡಿ. ಇಟಲಿಯ 50 ಅಂದರೆ ನಮ್ಮ 40.

ಮೋಕಾ ಪಾಟ್

ನನ್ನನ್ನು ಕೇಳಿದರೆ ಈ ಸಂತೆಯಲ್ಲಿ ತರಬೇಕಾದದ್ದು ಇದು. ಒಲೆಯ ಮೇಲಿಟ್ಟು ಕಾಫಿ ಮಾಡುವ ಎಂಟು ಮೂಲೆಯ ಅಲ್ಯೂಮಿನಿಯಂ ಪಾತ್ರೆ, 1933ರಲ್ಲಿ ಬಿಯಾಲೆತ್ತಿ ಕಂಪನಿ ಶುರುಮಾಡಿದ್ದು. ಹಳೇ ಸಾಮಾನಿನ ಮೇಜುಗಳಲ್ಲಿ ಹುಡುಕಿದರೆ ಸಿಗುತ್ತದೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ನಮ್ಮ ಕೊಡಗು, ಚಿಕ್ಕಮಗಳೂರಿನ ಬೀಜ ಅಲ್ಲಿಗೆ ಹೋಗುತ್ತದೆ, ಅಲ್ಲಿನ ಪಾತ್ರೆ ಇಲ್ಲಿಗೆ ಬರಲಿ, ಅಲ್ವಾ?

ಕೊಳ್ಳುವ ಮುಂಚೆ ತಿರುಪು ಬಿಚ್ಚಿ ನೋಡಲೇಬೇಕು. ಮೊದಲ ಸಲ ನಾನು ಹೊರಗಿನ ಹೊಳಪು ನೋಡಿ ಕೊಂಡೆ. ಮನೆಗೆ ಬಂದು ತೆರೆದರೆ ಪುಡಿ ಹಾಕುವ ಜರಡಿ ಬಟ್ಟಲೇ ಇಲ್ಲ! ತಪ್ಪು ನನ್ನದೇ. ಕೆಳಗಿನ ಪಾತ್ರೆಯ ಪಕ್ಕದಲ್ಲಿ ಹಿತ್ತಾಳೆಯ ಪುಟ್ಟ ವಾಲ್ವ್ ಇರುತ್ತದೆ, ಅದಕ್ಕೆ ಸುಣ್ಣ ಕಟ್ಟಿದ್ದರೆ ಬೇಡ, ಅಪಾಯ. ಒಳಗೆ ಗುಳಿ ಗುಳಿಯಾಗಿ ತಿಂದುಹೋಗಿದ್ದರೂ ಬೇಡ. ರಬ್ಬರ್ ರಿಂಗ್ ಗಟ್ಟಿಯಾಗಿದ್ದರೆ ಚಿಂತೆಯಿಲ್ಲ, ರೋಮ್‌ನ ಸೂಪರ್ ಮಾರ್ಕೆಟ್‌ನಲ್ಲಿ ಹೊಸದು ಸಿಗುತ್ತದೆ. ಅಳತೆ ನೋಡಿ ತನ್ನಿ. ನಿಮ್ಮ ಮನೆಯಲ್ಲಿ ಇಂಡಕ್ಷನ್ ಒಲೆ ಮಾತ್ರ ಇದ್ದರೆ ಆಸೆ ಬಿಡಿ, ಅಲ್ಯೂಮಿನಿಯಂ ಅದರ ಮೇಲೆ ಬಿಸಿಯಾಗಲ್ಲ.

ಚೌಕಾಸಿ

ಮೊದಲು ‘ಬ್ವೋನ್‌ಜೋರ್ನೊ’ ಅನ್ನಿ. ನಮಸ್ಕಾರ ಹೇಳದೆ ಸಾಮಾನು ಎತ್ತಿದರೆ ಅವರಿಗೆ ಹಿಡಿಸಲ್ಲ. ‘ಕ್ವಾಂತೊ ಕೋಸ್ತಾ?’ ಅಂದರೆ ಎಷ್ಟು. ‘ಮಿ ಫಾ ಊನೊ ಸ್ಕೋಂತೊ?’ ಅಂದರೆ ಸ್ವಲ್ಪ ಕಡಿಮೆ ಮಾಡ್ತೀರಾ. ಹದಿನೈದು ಅಂದರೆ ಹತ್ತಕ್ಕೆ ಕೇಳಿ, ಹನ್ನೆರಡಕ್ಕೆ ಬಂದು ನಿಲ್ಲಬಹುದು. ಒಂದೇ ಮೇಜಿನಲ್ಲಿ ಎರಡು ಮೂರು ಸಾಮಾನು ಆರಿಸಿ ಒಟ್ಟಿಗೆ ರೇಟು ಕೇಳಿದರೆ ಇನ್ನೂ ಒಳ್ಳೆಯದು. ಒಂದು ಯೂರೋ ರಾಶಿಯಲ್ಲಿ ಚೌಕಾಸಿ ಮಾಡಬೇಡಿ, ಪ್ಲೀಸ್.

ಇವನ್ನು ಮುಟ್ಟಬೇಡಿ

ದೊಡ್ಡ ಬ್ರಾಂಡಿನ ನಕಲಿ ಬ್ಯಾಗು. ಇಟಲಿಯಲ್ಲಿ ಮಾರಿದವರಿಗೆ ಮಾತ್ರವಲ್ಲ, ಕೊಂಡವರಿಗೂ ದಂಡ. 300 ಯೂರೋದಿಂದ 7,000 ಯೂರೋವರೆಗೆ. ಇನ್ನು ‘ನೆಲ ಅಗೆದಾಗ ಸಿಕ್ಕಿದ್ದು’ ಅಂತ ಪಿಸುಗುಟ್ಟಿ ತೋರಿಸುವ ರೋಮನ್ ಮಡಕೆ ಚೂರು, ನಾಣ್ಯ. ನಕಲಿಯಾದರೆ ದುಡ್ಡು ಹೋಯಿತು. ಅಸಲಿಯಾದರೆ ಇನ್ನೂ ಕಷ್ಟ, ನೆಲದಡಿ ಸಿಕ್ಕ ಪ್ರಾಚೀನ ವಸ್ತು ಅಲ್ಲಿ ಸರ್ಕಾರದ್ದು.

ನಾಣ್ಯವೇ ಬೇಕೆಂದರೆ ಹಳೇ ಲೀರಾ ಕೊಳ್ಳಿ, ಯೂರೋಗೆ ಮುಂಚೆ ಇಟಲಿಯಲ್ಲಿದ್ದ ಹಣ ಅದು. 1982ರಿಂದ ಬಂದ 500 ಲೀರಾ ನಾಣ್ಯಕ್ಕೆ ಎರಡು ಲೋಹ, ಎರಡು ಬಣ್ಣ. ನಮ್ಮ ಹತ್ತು ರೂಪಾಯಿ ನಾಣ್ಯದ ದೊಡ್ಡಣ್ಣ ಅನ್ನಬಹುದು. ಈಗ ಅದು ಚಲಾವಣೆಯಲ್ಲಿಲ್ಲ, ಮಕ್ಕಳಿಗೆ ಕೊಡಲು ಚೆಂದ.

ಭಾನುವಾರ ಸಿಗದಿದ್ದರೆ

ಸಾನ್ ಜೊವಾನ್ನಿ ಮೆಟ್ರೊ ನಿಲ್ದಾಣದ ಪಕ್ಕದ ವಿಯಾ ಸಾನ್ನಿಯೊದಲ್ಲಿ ವಾರದ ದಿನಗಳಲ್ಲೂ ಬೆಳಗಿನ ಹೊತ್ತು ಹಳೇ ಬಟ್ಟೆ ಮಾರುತ್ತಾರೆ. ಪಿಯಾತ್ಸಾ ನವೋನಾ ಹತ್ತಿರದ ವಿಯಾ ದೆಲ್ ಗೊವೆರ್ನೊ ವೆಕ್ಯೊದಲ್ಲಿ ವಿಂಟೇಜ್ ಅಂಗಡಿಗಳಿವೆ. ಬೆಲೆ ಜಾಸ್ತಿ, ಆದರೆ ಬಟ್ಟೆ ಆರಿಸಿಟ್ಟಿರುತ್ತಾರೆ, ರಾಶಿ ಕೆದಕುವ ಕೆಲಸವಿಲ್ಲ.

ಪ್ಯಾಕ್ ಮಾಡುವಾಗ ಪಿಂಗಾಣಿಯನ್ನು ಕೋಟಿನ ತೋಳೊಳಗೆ ತುರುಕಿ, ಅದಕ್ಕಿಂತ ಮೆತ್ತನೆ ಜಾಗ ಸೂಟ್‌ಕೇಸಿನಲ್ಲಿಲ್ಲ. ಹಳೇ ಚಾಕು, ಕತ್ತರಿ ಕೈಚೀಲದಲ್ಲಿ ಬೇಡ, ಚೆಕ್‌ಇನ್ ಮಾಡಿ. ಮೋಕಾ ಮನೆಗೆ ಬಂದ ಮೇಲೆ ಮೊದಲ ಎರಡು ಮೂರು ಸಲದ ಕಾಫಿ ಚೆಲ್ಲಿ. ನಾಲ್ಕನೆಯದಕ್ಕೆ ಚಿಕೋರಿ ಇಲ್ಲದ, ಸ್ವಲ್ಪ ತರಿಯಾದ ಪುಡಿ ಹಾಕಿ, ಉರಿ ಸಣ್ಣಗಿಡಿ.