ಕತ್ತರಿ ಪಕ್ಕದಲ್ಲಿ ಪ್ಲೇಟೋ: ಗ್ರೀಕರ ‘ಜೀವ’ವನ್ನು ಓದುವ ಬಗೆ

ಬೀದರಿನ ಚೌಬಾರದ ಹತ್ತಿರ ಒಂದು ಓಣಿಯಲ್ಲಿ ನನ್ನ ಬ್ಲೌಸ್ ಹೊಲಿಗೆ ಅಂಗಡಿ. ಮೂರು ವರ್ಷದ ಹಿಂದೆ ಮಗಳ ಬಿಎ ನೋಟ್ಸ್‌ನಲ್ಲಿ ಹಳೆಯ ಗ್ರೀಕ್ ತತ್ವಜ್ಞಾನಿ ಪ್ಲೇಟೋ ಸಿಕ್ಕ. ‘ಆತ್ಮಕ್ಕೆ ಮೂರು ಭಾಗ’ ಅಂತ ಒಂದೇ ಸಾಲು. ಆತ್ಮವನ್ನು ಕತ್ತರಿಸೋಕೆ ಆಗಲ್ಲ ಅಂತ ಅಲ್ವಾ ನಾವು ಕೇಳುತ್ತ ಬಂದಿದ್ದು? ಮಗಳು ಪರೀಕ್ಷೆ ಬರೆದು ಮುಂದೆ ಹೋದಳು. ನಾನು ಆ ಸಾಲಿನಲ್ಲೇ ಸಿಕ್ಕಿಕೊಂಡೆ. ಮೇಷ್ಟ್ರಿಲ್ಲದೆ, ಗ್ರೀಕ್ ಭಾಷೆ ಬರದೆ, ಗಿರಾಕಿಗಳ ನಡುವೆ ಓದುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಪದ ಸರಿ ಮಾಡಿಕೊಳ್ಳಿ. ಗ್ರೀಕರ ಪದ ‘ಪ್ಸೂಖೆ’. ಸೈಕಾಲಜಿಯಲ್ಲಿರುವ ‘ಸೈಕ್’ ಇದೇ. ಹಳೆಯ ಅರ್ಥ ಉಸಿರು, ಪ್ರಾಣ. ಗ್ರೀಕರ ಹಳೆಯ ಕವಿ ಹೋಮರನ ಕಾವ್ಯದಲ್ಲಿ ಸಾಯುವವನನ್ನು ಬಿಟ್ಟು ಹೋಗುವುದು ಇದೇ. ಇದನ್ನು ‘ಆತ್ಮ’ ಅಂತ ಬರೆದುಕೊಂಡರೆ ಕೆಲಸ ಕೆಟ್ಟಿತು. ಆ ಪದದ ಬೆನ್ನಿಗೆ ನಾವು ಕೇಳಿದ ಪ್ರವಚನಗಳೆಲ್ಲ ಬಂದು ಕೂತುಬಿಡುತ್ತವೆ. ಗ್ರೀಕನಿಗೆ ಬಾಯಿ ತೆರೆಯಲು ಜಾಗವೇ ಸಿಗುವುದಿಲ್ಲ. ನಾನು ‘ಜೀವ’ ಅಂತ ಬರೆದುಕೊಂಡೆ. ಪ್ಲೇಟೋನ ಶಿಷ್ಯ ಅರಿಸ್ಟಾಟಲ್ ಗಿಡಕ್ಕೂ ಪ್ಸೂಖೆ ಇದೆ ಅನ್ನುತ್ತಾನೆ. ತೊಗರಿ ಗಿಡಕ್ಕೆ ಆತ್ಮ ಇದೆ ಅಂದರೆ ಜನ ಮುಖ ನೋಡುತ್ತಾರೆ. ಜೀವ ಇದೆ ಅಂದರೆ, ಹೌದು ಇದೆ, ಅದರಲ್ಲೇನು?

ಎದುರಿನ ಲೇಸ್ ಅಂಗಡಿ ಚಾಚಾ ನನ್ನ ಕೈಯಲ್ಲಿ ಪುಸ್ತಕ ನೋಡಿ, “ಏನ್ ಬೇಟಾ, ಅಫ್ಲಾತೂನ್ ಆಗ್ಬಿಟ್ಯಾ?” ಅಂದರು. ಶಾಣ್ಯಾತನ ಜಾಸ್ತಿ ತೋರಿಸುವವರಿಗೆ ನಮ್ಮ ಕಡೆ ಹಾಗನ್ನುತ್ತಾರೆ. ಅಫ್ಲಾತೂನ್ ಅಂದರೆ ಪ್ಲೇಟೋನೇ, ಅರಬ್ಬಿ ಬಾಯಲ್ಲಿ. ಅರಿಸ್ಟಾಟಲ್ ಅಲ್ಲಿ ಅರಸ್ತು. 9ನೇ ಶತಮಾನದ ಬಗ್ದಾದಿನಲ್ಲಿ ಗ್ರೀಕ್ ಪುಸ್ತಕಗಳು ಅರಬ್ಬಿಗೆ ಬಂದಾಗ ಪ್ಸೂಖೆಗೆ ‘ನಫ್ಸ್’ ಅಂತ ಇಟ್ಟರು. ಇದನ್ನು ಚಾಚಾಗೆ ಹೇಳಿದೆ. “ನಫ್ಸ್ ಅಂದ್ರ ಆಸೆ, ಹತೋಟಿಯಾಗ ಇಡೋದು. ರೂಹ್ ಬ್ಯಾರೆ,” ಅಂದರು. ರೂಹ್ ಅಂದರೆ ಅವರಿಗೆ ಆತ್ಮ. ಅವರದೂ ನನ್ನದೇ ತೊಂದರೆ. ಅದಕ್ಕೇ ಒಂದು ನೋಟ್‌ಬುಕ್ ಇಡಿ. ಎಡಕ್ಕೆ ಗ್ರೀಕ್ ಪದ, ಬಲಕ್ಕೆ ಪೆನ್ಸಿಲಿನಲ್ಲಿ ಕನ್ನಡ. ಪೆನ್ಸಿಲ್ಲೇ ಬೇಕು, ಅಳಿಸೋದು ಇದ್ದೇ ಇದೆ.

ಪುಸ್ತಕಕ್ಕೆ ದುಡ್ಡು ಹಾಕಬೇಕಿಲ್ಲ. ಬೆಂಜಮಿನ್ ಜೋವೆಟ್ 19ನೇ ಶತಮಾನದಲ್ಲಿ ಮಾಡಿದ ಪ್ಲೇಟೋನ ಇಂಗ್ಲಿಷ್ ಅನುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ಹಳೆಯದು, ನಿಧಾನಕ್ಕೆ ಓದಬೇಕು. ಒಳ್ಳೆಯ ಮುದ್ರಣಗಳ ಅಂಚಿನಲ್ಲಿ 87, 514 ಅಂತೆಲ್ಲ ಅಂಕಿ ಇರುತ್ತವೆ. ಅವು 1578ರಲ್ಲಿ ಸ್ಟೆಫಾನಸ್ ಅಚ್ಚು ಹಾಕಿದ ಪ್ಲೇಟೋ ಪುಸ್ತಕದ ಪುಟಸಂಖ್ಯೆ. ಯಾವ ಅನುವಾದ ಹಿಡಿದರೂ ಅದೇ ಅಂಕಿ. ನೋಟ್‌ಬುಕ್ಕಿನಲ್ಲಿ ಅದನ್ನೇ ಬರೆದುಕೊಳ್ಳಿ.

ಪ್ಲೇಟೋನ ‘ಅಪಾಲಜಿ’ಯಿಂದ ಶುರು ಮಾಡಿ. ಅವನ ಗುರು ಸಾಕ್ರಟೀಸ್ ಕೋರ್ಟಿನಲ್ಲಿ ಆಡಿದ ಮಾತು ಅದು. ಚಿಕ್ಕದು. ದುಡ್ಡು, ಹೆಸರಿನ ಹಿಂದೆ ಓಡುತ್ತೀರಿ, ಪ್ಸೂಖೆಯ ಕಡೆ ಗಮನ ಕೊಡುವುದಿಲ್ಲವಲ್ಲ ಅಂತ ಸಾಕ್ರಟೀಸ್ ಊರವರನ್ನು ಕೇಳುವ ಜಾಗ 29ರಲ್ಲಿದೆ.

ಆಮೇಲೆ ‘ಫೀಡೋ’. ಇದಕ್ಕೆ ಒಂದು ತಿಂಗಳು ಕೊಡಿ. ಕ್ರಿ.ಪೂ. 399, ಮರಣದಂಡನೆಯಾದ ಎಪ್ಪತ್ತರ ಸಾಕ್ರಟೀಸ್, ಜೈಲಿನಲ್ಲಿ ಕೊನೆಯ ದಿನ. ಗೆಳೆಯರು ಸುತ್ತ ಕೂತಿದ್ದಾರೆ. ಪ್ಲೇಟೋ ಇರಲಿಲ್ಲ, ಹುಷಾರಿರಲಿಲ್ಲ ಅನಿಸುತ್ತದೆ ಅಂತ ಅವನ ಪುಸ್ತಕವೇ ಹೇಳುತ್ತದೆ! 87ಕ್ಕೆ ಬಂದಾಗ ನಾನು ಮಿಷನ್ ನಿಲ್ಲಿಸಿದೆ. ಕೀಬೀಸ್ ಎಂಬ ಗೆಳೆಯ ಒಬ್ಬ ಮುದಿ ನೇಕಾರನ ಮಾತು ತೆಗೆಯುತ್ತಾನೆ. ನೇಕಾರ ಎಷ್ಟೋ ಬಟ್ಟೆ ನೇಯ್ದು, ಉಟ್ಟು, ಹರಿದ. ಆದರೆ ಕೊನೆಯ ಬಟ್ಟೆ ಉಳಿಯಿತು, ನೇಕಾರ ಹೋದ. ಜೀವವೂ ಹಾಗೇ ಎಷ್ಟೋ ಮೈ ಸವೆಸಿ, ಕೊನೆಗೊಂದು ಸಲ ತಾನೇ ಸವೆದು ಹೋದರೆ?

ನಮ್ಮಪ್ಪನೂ ಟೇಲರ್. ತೀರಿಕೊಂಡಾಗ ಬಂದವರೆಲ್ಲ ಗೀತೆಯ ಮಾತು ಹೇಳಿದರು, ಹಳೆ ಬಟ್ಟೆ ಬಿಟ್ಟು ಹೊಸದು ಉಟ್ಟ ಹಾಗೆ ಅಂತ. ಅಪ್ಪ ತನಗೇ ಹೊಲಿದುಕೊಂಡ ಕೊನೆಯ ಅಂಗಿ ಇನ್ನೂ ಅಂಗಡಿಯ ಮೊಳೆಗೆ ತೂಗುತ್ತಿದೆ. ಕಾಲರ್ ಕೂಡ ಮಾಸಿಲ್ಲ. ಹಾಗಾಗಿ ಕೀಬೀಸನ ಪ್ರಶ್ನೆ ನನಗೆ ಬರೀ ಪ್ರಶ್ನೆ ಆಗಿರಲಿಲ್ಲ.

ಇಲ್ಲಿ ಒಂದು ಅಭ್ಯಾಸ ಮಾಡಿ. ಸಾಕ್ರಟೀಸನ ಉತ್ತರ ಓದುವ ಮುಂಚೆ ಪುಸ್ತಕ ಮುಚ್ಚಿ. ಆಕ್ಷೇಪವನ್ನು ನಿಮ್ಮ ಮಾತಲ್ಲಿ ಬರೆಯಿರಿ, ನಿಮ್ಮ ಉತ್ತರವನ್ನೂ ಬರೆಯಿರಿ. ಆಮೇಲೆ ತೆರೆಯಿರಿ. ಅವನು ಮೊದಲು ಉತ್ತರ ಕೊಡುವುದೇ ಇಲ್ಲ. ಪಕ್ಕದಲ್ಲಿ ಕೂತ ಫೀಡೋ ಎಂಬ ಗೆಳೆಯನ (ಪುಸ್ತಕಕ್ಕೆ ಇವನದೇ ಹೆಸರು) ಕೂದಲು ಸವರುತ್ತ, ವಾದವನ್ನೇ ದ್ವೇಷಿಸುವವರಾಗಬೇಡಿ, ಮೋಸ ಹೋದವರು ಮನುಷ್ಯರನ್ನೇ ದ್ವೇಷಿಸುತ್ತಾರಲ್ಲ ಹಾಗೆ, ಅನ್ನುತ್ತಾನೆ. ಉತ್ತರ ಬರುವುದು ಎಷ್ಟೋ ಪುಟದ ಮೇಲೆ: ಬೆಂಕಿ ತಂಪಾಗಿದ್ದುಕೊಂಡು ಬೆಂಕಿಯಾಗಿರಲಾರದು, ಮೈಗೆ ಬದುಕು ತರುವ ಜೀವವೂ ಸಾವನ್ನು ಒಳಗೆ ಬಿಟ್ಟುಕೊಳ್ಳಲಾರದು ಅಂತ. ನನಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ಅಂಚಿನಲ್ಲಿ ‘ಇಲ್ಲ’ ಅಂತ ಬರೆದಿದ್ದೇನೆ.

‘ಮೀನೋ’ ಓದುವಾಗ ಚೌಕದ ಒಂದು ಕರವಸ್ತ್ರ ಇಟ್ಟುಕೊಳ್ಳಿ. ಎರಡಡಿ ಬದಿಯ ಚೌಕವನ್ನು ದುಪ್ಪಟ್ಟು ಮಾಡು ಅಂತ ಸಾಕ್ರಟೀಸ್ ಒಬ್ಬ ಗುಲಾಮ ಹುಡುಗನನ್ನು ಕೇಳುತ್ತಾನೆ. ಹುಡುಗ ನಾಲ್ಕಡಿ ಬದಿ ಅನ್ನುತ್ತಾನೆ, ಹದಿನಾರು ಚದರಡಿ ಆಗುತ್ತದೆ. ಮೂರಡಿ ಅನ್ನುತ್ತಾನೆ, ಒಂಬತ್ತಾಗುತ್ತದೆ. ಬೇಕಾದದ್ದು ಎಂಟು. ಈಗ ಕರವಸ್ತ್ರದ ನಾಲ್ಕು ಮೂಲೆಗಳನ್ನೂ ನಡುವಿಗೆ ಮಡಚಿ. ಸಿಕ್ಕ ಚಿಕ್ಕ ಚೌಕ ಸರಿಯಾಗಿ ಅರ್ಧ. ಅದರ ಮೂಲೆಯಿಂದ ಮೂಲೆಗೆ ಅಳೆಯಿರಿ, ದೊಡ್ಡದರ ಬದಿ ಸಿಗುತ್ತದೆ. ಹುಡುಗನಿಗೆ ಯಾರೂ ಕಲಿಸಲಿಲ್ಲ, ಬರೀ ಕೇಳಿದರು, ಜೀವಕ್ಕೆ ಮೊದಲೇ ಗೊತ್ತಿದ್ದದ್ದು ನೆನಪಾಯಿತು ಅನ್ನುವುದು ಸಾಕ್ರಟೀಸನ ವಾದ. ಪ್ರಶ್ನೆಗಳಲ್ಲೇ ಅರ್ಧ ಉತ್ತರ ಇತ್ತು ಅಂತ ನನ್ನ ಮಗಳ ವಾದ.

‘ರಿಪಬ್ಲಿಕ್’ನಲ್ಲಿ ಹತ್ತು ಭಾಗ, ಒಂದೊಂದಕ್ಕೂ ‘ಪುಸ್ತಕ’ ಅನ್ನುತ್ತಾರೆ. ಎಲ್ಲ ಒಮ್ಮೆಗೇ ಬೇಡ. ಎರಡು, ಮೂರು, ನಾಲ್ಕು, ಏಳು ಸಾಕು. ಜೀವದ ಆ ಮೂರು ಭಾಗ ಬರುವುದು ನಾಲ್ಕರಲ್ಲಿ: ಲೆಕ್ಕ ಹಾಕುವುದು, ರೋಷ, ಆಸೆ. ಲಿಯಾಂಟಿಯಸ್ ಎಂಬವನ ಕಥೆ ಬಿಡಬೇಡಿ, 439ರಲ್ಲಿದೆ. ದಾರಿಯಲ್ಲಿ ಹೆಣ ಬಿದ್ದಿವೆ. ನೋಡಬೇಕು ಅನಿಸುತ್ತದೆ, ಹೇಸಿಗೆಯೂ ಆಗುತ್ತದೆ. ಕೊನೆಗೆ ಓಡಿ ಹೋಗಿ ತನ್ನ ಕಣ್ಣುಗಳಿಗೇ ಬೈಯುತ್ತಾನೆ, ನೋಡಿಕೊಳ್ಳಿ ಹೊಟ್ಟೆ ತುಂಬ ಅಂತ. ಹುಮನಾಬಾದ್ ರಸ್ತೆಯಲ್ಲಿ ಅಪಘಾತವಾದಾಗ ಬಸ್ಸಿನ ಕಿಟಕಿಗೆ ಮುಗಿಬಿದ್ದು, ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು. ಸಿಟ್ಟು ಆಸೆಯನ್ನೇ ಬೈದರೆ ಅವೆರಡೂ ಒಂದೇ ಆಗಿರಲಾರವು. ಮಗಳ ನೋಟ್ಸ್‌ನ ಸಾಲು ನನಗೆ ತಿಳಿದದ್ದು ಆ ಬಸ್ಸು ನೆನಪಾದಾಗ.

ಮನುಷ್ಯನನ್ನು ತಿದ್ದಿ ಬೆಳೆಸುವುದಕ್ಕೆ ಗ್ರೀಕರ ಪದ ‘ಪೈದೇಯ’. ‘ಪೈಸ್’ ಅಂದರೆ ಮಗು. ‘ರಿಪಬ್ಲಿಕ್’ನ ಏಳನೇ ಪುಸ್ತಕದಲ್ಲಿ, ಗೋಡೆಯ ಮೇಲಿನ ನೆರಳನ್ನೇ ನಿಜ ಅಂದುಕೊಂಡ ಕೈದಿಗಳ ಗುಹೆಯ ಕಥೆ ಶುರುವಾಗುವುದೇ ಈ ಪದದಿಂದ. ಕುರುಡುಗಣ್ಣಿಗೆ ದೃಷ್ಟಿ ತುಂಬುವುದು ಕಲಿಕೆಯಲ್ಲ, ಕಣ್ಣು ಇದ್ದೇ ಇದೆ, ಇಡೀ ಜೀವವನ್ನು ಬೆಳಕಿನ ಕಡೆ ತಿರುಗಿಸಬೇಕು ಅನ್ನುವುದು 518ರಲ್ಲಿದೆ. ಅದರ ಜೊತೆಗೇ ಅರಿಸ್ಟಾಟಲನ ‘ಎಥಿಕ್ಸ್’ ಎರಡನೇ ಪುಸ್ತಕ ಇಟ್ಟುಕೊಂಡು ಓದಿ. ಮನೆ ಕಟ್ಟಿ ಕಟ್ಟಿಯೇ ಮನೆ ಕಟ್ಟುವವನಾಗುವುದು, ಒಳ್ಳೆಯ ಗುಣವೂ ಹಾಗೇ ರೂಢಿಯಿಂದ ಬರುವುದು ಅನ್ನುತ್ತಾನೆ. ನಮ್ಮಲ್ಲಿ ಕಲಿಯಲು ಬಂದ ಹುಡುಗಿ ಆರು ತಿಂಗಳು ಹುಕ್, ಕಾಜಾ, ಹೆಮ್ಮಿಂಗ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ನಾನು ಅರಿಸ್ಟಾಟಲನ ಕಡೆ. ಆದರೆ ಸೊಗಸಾಗಿ ಹೆಮ್ಮಿಂಗ್ ಮಾಡಿ, ಯಾಕೆ ಅಂತ ಒಮ್ಮೆಯೂ ಕೇಳದವರನ್ನೂ ನೋಡಿದ್ದೇನೆ.

ಅರಿಸ್ಟಾಟಲನ ‘ಜೀವದ ಕುರಿತು’ (ಇಂಗ್ಲಿಷಿನಲ್ಲಿ ‘ಆನ್ ದ ಸೋಲ್’) ಪುಸ್ತಕಕ್ಕೆ ಕೈ ಹಾಕಿದರೆ ಒಂದನೇ ಭಾಗ ಹಾರಿಸಿ. ಅದು ಹೆಚ್ಚಾಗಿ ಹಿಂದಿನವರ ಮತಗಳ ವಿಚಾರಣೆ. ಎರಡರಿಂದ ಓದಿ. ಕೊಡಲಿಗೆ ಜೀವ ಅಂತ ಇದ್ದಿದ್ದರೆ, ಅದು ಕೊಡಲಿತನವೇ ಆಗಿರುತ್ತಿತ್ತು ಅನ್ನುತ್ತಾನೆ. ಕತ್ತರಿ ಅಂತ ಓದಿಕೊಂಡೆ, ತಕ್ಷಣ ಹತ್ತಿತು. ಮೇಣವೂ ಅದರ ಮೇಲಿನ ಅಚ್ಚೂ ಒಂದೇನಾ ಅಂತ ಕೇಳಬೇಕಿಲ್ಲ, ಮೈ-ಜೀವವೂ ಹಾಗೇ ಅನ್ನುತ್ತಾನೆ. ಬಿದ್ರಿ ಹೂಜಿ ಕೈಯಲ್ಲಿ ಹಿಡಿದು ಯೋಚಿಸಿ: ಸತು-ತಾಮ್ರವನ್ನು ಇಲ್ಲೇ ಬಿಟ್ಟು ಹೂಜಿಯ ಆಕಾರವನ್ನಷ್ಟೇ ಮನೆಗೆ ಒಯ್ಯಲು ಆಗುತ್ತದಾ?

ಹಾಗಂತ ಮೂರನೇ ಭಾಗದ 5ನೇ ಅಧ್ಯಾಯಕ್ಕೆ ಬಂದರೆ, ಬುದ್ಧಿಯೊಂದು ಮೈಯಿಂದ ಬೇರೆಯಾಗಿ ಸಾವಿಲ್ಲದೆ ಇರುತ್ತದೆ ಅಂದುಬಿಡುತ್ತಾನೆ! ಇಡೀ ಅಧ್ಯಾಯ ಒಂದು ಪುಟವೂ ಇಲ್ಲ. ಪಂಡಿತರು ಶತಮಾನಗಳಿಂದ ಅದಕ್ಕೇ ಜಗಳವಾಡುತ್ತಿದ್ದಾರೆ. ನನ್ನ ನೋಟ್‌ಬುಕ್ಕಿನಲ್ಲಿ ಆ ಪುಟದ ಬಲಬದಿ ಖಾಲಿ ಇದೆ. ದಸರೆಯ ಆರ್ಡರ್‌ಗಳು ಮುಗಿಯಲಿ, ಮತ್ತೆ ಪೆನ್ಸಿಲ್ ಹಿಡಿಯುತ್ತೇನೆ.