ಏಳು ತಿಂಗಳ ಪ್ರಭಾರ ಕುಲಪತಿ: ನನ್ನ ಅನುಭವ

ಕುಲಪತಿ ಕುರ್ಚಿಲಿ ನಾನು ಕೂತಿದ್ದು ಬರೀ ಏಳು ತಿಂಗಳು, ಅದೂ ಪ್ರಭಾರ. ಯಾವ ವಿವಿ ಅಂತ ಕೇಳ್ಬೇಡಿ, ನನ್ ಜೊತೆ ಕೆಲಸ ಮಾಡ್ದೋರು ಇನ್ನೂ ಅಲ್ಲೇ ಇದಾರೆ. ನಾನು ಮಂಡ್ಯ ಕಡೆ ಹಳ್ಳಿಯೋನು, ಎಂಎಸ್ಸಿ ಓದಿದ್ದು ಮೈಸೂರು ವಿವಿ ಕ್ಯಾಂಪಸ್ ಮಾನಸಗಂಗೋತ್ರಿಲಿ, ರಿಟೈರ್ ಆದ್ಮೇಲೆ ಮೈಸೂರಲ್ಲೇ ಸೆಟ್ಲ್. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋದಾಗ ಹಳೇ ಸ್ಟೂಡೆಂಟ್ಸ್ ಸಿಕ್ಕಿ "ಸಾರ್, ವಿಸಿ ಆದ್ರೆ ಏನ್ ಕೆಲ್ಸ ಇರತ್ತೆ" ಅಂತ ಕೇಳ್ತಾರೆ, ಅದಕ್ಕೆ ಬರೀತಿದೀನಿ.

ಆಗೋದು ಹೆಂಗೆ ಅಂದ್ರೆ, 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಲಿ ಬರೆದಿದೆ: ಶೋಧನಾ ಸಮಿತಿ ಹೆಸರುಗಳ ಪ್ಯಾನೆಲ್ ಕೊಡತ್ತೆ, ಕುಲಾಧಿಪತಿ ಅಂದ್ರೆ ರಾಜ್ಯಪಾಲರು ಸರ್ಕಾರದ ಸಹಮತಿ ತಗೊಂಡು ಒಬ್ಬರನ್ನ ನಾಲ್ಕು ವರ್ಷಕ್ಕೆ ನೇಮಿಸ್ತಾರೆ. ಆ ಪ್ಯಾನೆಲ್ ಒಳಗೆ ಹೆಸರು ಸೇರೋದು ಬೇರೆನೇ ಪುರಾಣ, ನಾನು ಅರ್ಜಿನೇ ಹಾಕ್ದೋನಲ್ಲ. ಇದ್ದವರ ಅವಧಿ ಮುಗೀತು, ಹೊಸಬ್ರ ಆದೇಶ ಬರ್ಲಿಲ್ಲ, ಡೀನ್‌ಗಳಲ್ಲಿ ನಾನೇ ಸೀನಿಯರ್, ಅಷ್ಟೇ.

ನಾವು ಓದೋವಾಗ ಕುಲಪತಿ ಅಂದ್ರೆ ತಲೇಲಿದ್ದಿದ್ದು ಕುವೆಂಪು. 1929ರಲ್ಲಿ ಮಹಾರಾಜಾ ಕಾಲೇಜಿಗೆ ಲೆಕ್ಚರರ್ ಆಗಿ ಸೇರಿ, ಅಲ್ಲೇ ಪ್ರಿನ್ಸಿಪಾಲ್ ಆಗಿ, 1956ರಿಂದ 1960ರವರೆಗೆ ಮೈಸೂರು ವಿವಿ ಕುಲಪತಿ ಆಗಿದ್ರು, ಆ ನಾಲ್ಕೇ ವರ್ಷದಲ್ಲಿ ಕೆರೆ ಆಚೆ ದಡದಲ್ಲಿ ಮಾನಸಗಂಗೋತ್ರಿಗೆ ಅಡಿಪಾಯ ಹಾಕಿದ್ರು, ಆ ಹೆಸರೂ ಅವರು ಇಟ್ಟಿದ್ದೇ. ಹಂಗಾಗಿ ನಾನೂ ಏನೋ ದೊಡ್ಡದು ಮಾಡ್ಬಿಡ್ತೀನಿ ಅನ್ಕೊಂಡು ಮೊದಲ ದಿನ ಹೋಗಿ ಕೂತೆ. ಟೇಬಲ್ ಮೇಲೆ ಇದ್ದಿದ್ದು ಮಾರ್ಕ್ಸ್ ಕಾರ್ಡ್ ತಿದ್ದುಪಡಿ ಫೈಲು, ಎರಡು ಕಟ್ಟು.

ಪ್ರಭಾರದೋನು ನೇಮಕಾತಿ, ಪ್ರಮೋಷನ್ ಅಂಥದ್ದಕ್ಕೆಲ್ಲ ಕೈ ಹಾಕೋ ಹಂಗಿಲ್ಲ, ಹಾಕಿದ್ರೆ ಪೇಪರಲ್ಲಿ ಬರ್ತೀವಿ. ಸರಿ, ಈ ಕಟ್ಟನ್ನಾದ್ರೂ ನೋಡೋಣ ಅಂತ ಶುರು ಮಾಡ್ದೆ.

ಎರಡನೇ ವಾರ ಇರ್ಬೇಕು, ದಫೇದಾರ್ ಒಬ್ಬ ರೈತರನ್ನ ಒಳಗೆ ಬಿಟ್ಟ. ಮಳವಳ್ಳಿ ಕಡೆಯೋರು, ಕೈಲಿ ಪ್ಲಾಸ್ಟಿಕ್ ಕವರು. ಮಗಳ ಹೆಸರಲ್ಲಿ 'ವಿ' ಇರೋ ಕಡೆ 'ರಿ' ಬಿದ್ದಿತ್ತು. "ಒಂದಕ್ಷರಕ್ಕೆ ಆರು ಸಲ ಬಂದಿವ್ನಿ ಬುದ್ದಿ, ಅತ್ಲಾಗೆ ಕಬ್ಬು ಕಡಿಯೋ ಟೇಮು" ಅಂದ್ರು. "ಕೂತ್ಕೊಳಿ ಯಜಮಾನ್ರೆ" ಅಂತ ಕೂರ್ಸಿ ಫೈಲ್ ತರ್ಸಿದೆ. ಕೇಸ್ ವರ್ಕರ್, ಸೂಪರಿಂಟೆಂಡೆಂಟ್, ಅಸಿಸ್ಟೆಂಟ್ ರಿಜಿಸ್ಟ್ರಾರ್, ಡೆಪ್ಯುಟಿ ರಿಜಿಸ್ಟ್ರಾರ್, ಎಲ್ಲರ ಸಹಿ ಬಿದ್ದು ಮೌಲ್ಯಮಾಪನ ಕುಲಸಚಿವರ, ಅಂದ್ರೆ ಪರೀಕ್ಷೆ ವಿಭಾಗ ನೋಡ್ಕೊಳೋ ರಿಜಿಸ್ಟ್ರಾರ್ ಟೇಬಲ್ ಮೇಲೆ ಮಲಗಿತ್ತು. ಟಿಪ್ಪಣಿ ಹಾಳೆ ತುಂಬ "ಪರಿಶೀಲಿಸಿ ಮಂಡಿಸಿದೆ". ಪರಿಶೀಲಿಸೋಕೆ ಇದ್ದಿದ್ದು ಒಂದೇ ಕಾಗದ, ಎಸ್ಸೆಸ್ಸೆಲ್ಸಿ ಕಾರ್ಡಿನ ಜೆರಾಕ್ಸು, ಅದನ್ನ ಟ್ಯಾಗಿಂದ ಯಾರೂ ಬಿಚ್ಚೇ ಇರ್ಲಿಲ್ಲ, ಮಡಿಕೆ ಮಡಿಕೆ ಹಂಗೇ ಇತ್ತು. ಅವತ್ತೇ ಹಸಿರು ಇಂಕಲ್ಲಿ ಸಹಿ ಹಾಕಿ ಸಂಜೆಯೊಳಗೆ ಕಾರ್ಡ್ ಕೈಗೆ ಕೊಡ್ಸಿದೆ.

ಆದ್ರೆ ಒಬ್ಬರಿಗೆ ಮಾಡ್ಸಿಕೊಟ್ರೆ ಅದು ಉಪಕಾರ ಆಗತ್ತೆ ಅಷ್ಟೇ, ನಾಳೆ ಇನ್ನೊಬ್ಬರು ಆರು ಸಲ ಬರ್ತಾರೆ. ಹಾಗಾಗಿ ಒಂದು ಆದೇಶ ಮಾಡ್ದೆ: ಎಸ್ಸೆಸ್ಸೆಲ್ಸಿ ಕಾರ್ಡಿಗೆ ತಾಳೆ ಆಗೋ ಕಾಗುಣಿತ ತಿದ್ದುಪಡಿ ಡೆಪ್ಯುಟಿ ರಿಜಿಸ್ಟ್ರಾರ್ ಹಂತದಲ್ಲೇ ಮುಗೀಬೇಕು, ತಾಳೆ ಆಗದೆ ಇರೋದು ಮಾತ್ರ ಮೇಲೆ ಬರ್ಲಿ. ಸೂಪರಿಂಟೆಂಡೆಂಟ್ ಒಬ್ಬರು "ಸಾರ್, ನಾಳೆ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ, ನೀವು ನಾಲ್ಕು ದಿನ ಇದ್ದು ಹೋಗ್ತೀರ" ಅಂದ್ರು. ಕೋಪ ಬಂತು, ಆಮೇಲೆ ಯೋಚನೆ ಮಾಡಿದ್ರೆ ಅವರು ಹೇಳಿದ್ದು ನ್ಯಾಯನೇ, ಸಿಕ್ಕಿಹಾಕ್ಕೊಳೋದು ಯಾವಾಗ್ಲೂ ಕೆಳಗಿನೋರೇ ತಾನೆ. ವಿವಿ ಆಡಳಿತ ಮಂಡಳಿ ಅಂದ್ರೆ ಸಿಂಡಿಕೇಟ್, ಅದರ ಮುಂದಿನ ಸಭೆಲಿ ಇಟ್ಟು ಘಟನೋತ್ತರ ಅನುಮೋದನೆ, ಅಂದ್ರೆ ಮಾಡಿದ್ಮೇಲೆ ಒಪ್ಪಿಗೆ, ತಗೊಂಡೆ, ನಡಾವಳಿ ಪ್ರತಿ ಅವರ ಟೇಬಲ್‌ಗೆ ನಾನೇ ಕೊಟ್ಟು ಬಂದೆ. ಆಮೇಲೆ ಕೆಲಸ ಓಡ್ತು, ಎರಡು ಕಟ್ಟೂ ಖಾಲಿ.

ಎಲ್ಲ ಸರಿಯಾಗೇ ಮಾಡ್ದೆ ಅಂತ ಅಲ್ಲ. ಅತಿಥಿ ಉಪನ್ಯಾಸಕರಿಗೆ ನಾಲ್ಕು ತಿಂಗಳು ಸಂಬಳ ಆಗಿರ್ಲಿಲ್ಲ, ಹಬ್ಬ ಹತ್ರ, ಹಣಕಾಸು ಅಧಿಕಾರಿ ರಜೆ ಮೇಲಿದ್ರು, ಅವರ ಅಭಿಪ್ರಾಯ ಬರೋಕೆ ಮುಂಚೆನೇ ಸಹಿ ಹಾಕ್ಬಿಟ್ಟೆ. ದುಡ್ಡೇನೋ ಅವರ ಅಕೌಂಟಿಗೆ ಹೋಯ್ತು, ನನಗೆ ಆಡಿಟ್ ಆಕ್ಷೇಪಣೆ ಬಂತು. ಒಂದು ದಿನ ಕಾದು ಫೋನಲ್ಲಾದ್ರೂ ಕೇಳಿ ಫೈಲಲ್ಲಿ ಬರೆದಿದ್ರೆ ಮುಗೀತಿತ್ತು. ರಿಟೈರ್ ಆಗಿ ಎರಡು ವರ್ಷ ಮನೆಯಿಂದಲೇ ಉತ್ತರ ಬರೆದೆ, ಲಕೋಟೆ ಬಂದಾಗೆಲ್ಲ ನಮ್ಮನೆಯವರು "ಕುಲಪತಿಗಳಿಗೆ ಕಾಗದ ಬಂದಿದೆ ನೋಡಿ" ಅಂತ ತಮಾಷೆ ಮಾಡೋರು.

ಮೊನ್ನೆ ಹಳೇ ಆಫೀಸಿನೋರು ಒಬ್ರು ಫೋನಲ್ಲಿ ಸಿಕ್ಕಿದ್ರು, ಆ ತಿದ್ದುಪಡಿ ಆದೇಶ ಇನ್ನೂ ಜಾರಿಲಿದ್ಯೇನಪ್ಪ ಅಂತ ಕೇಳ್ದೆ. "ಇದೆ ಸಾರ್, ಡೆಪ್ಯುಟಿ ರಿಜಿಸ್ಟ್ರಾರೇ ಸಹಿ ಮಾಡ್ತಾರೆ" ಅಂದ್ರು. ಒಂದು ನಿಮಿಷ ಬಿಟ್ಟು, "ಕಳ್ಸೋಕೆ ಮುಂಚೆ ಕುಲಸಚಿವರಿಗೂ ಒಂದ್ಸಲ ತೋರ್ಸ್ತೀವಿ."