ಮೆಟ್ಟಿಲು ಹತ್ತಿ ಬಂದು ರಕ್ತ ಕೊಟ್ಟ ದಿನ

ಅವತ್ತು ಬೆಳಿಗ್ಗೆ ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ ಇಳಿದವನು ಸೀದಾ ಲ್ಯಾಬಿಗೆ ಹೋದೆ. ಬೆವರು ಇನ್ನೂ ಆರಿರಲಿಲ್ಲ. ಸಂಜೆ ರಿಪೋರ್ಟ್ ನೋಡಿದರೆ ಬಿಳಿ ರಕ್ತಕಣ 51,000! ಮೂರು ತಿಂಗಳ ಹಿಂದೆ 42,000 ಇತ್ತು. ರಾತ್ರಿ ನಿದ್ದೆ ಬರಲಿಲ್ಲ.

ನನಗಿರುವುದು ಸಿಎಲ್‌ಎಲ್, ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್. ನಾಲ್ಕು ವರ್ಷದ ಹಿಂದೆ ಬೇರೆ ಯಾವುದಕ್ಕೋ ರಕ್ತ ಕೊಟ್ಟಾಗ ಸಿಕ್ಕಿಬಿತ್ತು. ಇವತ್ತಿನವರೆಗೂ ನನಗೆ ಔಷಧಿ ಶುರು ಮಾಡಿಲ್ಲ, ಸುಮ್ನೆ ಗಮನಿಸುತ್ತಾ ಇರುವುದು ಅಷ್ಟೇ. “ಕ್ಯಾನ್ಸರ್ ಅಂತೀರಿ, ಮಾತ್ರೆ ಬೇಡ ಅಂತೀರಿ, ಇದೇನ್ ಮೇಡಂ?” ಅಂತ ನನ್ನ ಹೆಂಡತಿ ಡಾಕ್ಟರ ಹತ್ತಿರ ಜಗಳಕ್ಕೇ ನಿಂತಿದ್ದಳು.

ನಿಜವಾದ ಕಾಟ ಬೇರೆ. ಈ ಕಾಯಿಲೆಯಲ್ಲಿ ಕಣಗಳ ಲೆಕ್ಕ ಜಾಸ್ತಿ, ಕೆಲಸ ಮಾಡುವವು ಕಡಿಮೆ. ಸೋಂಕು ಬೇಗ ತಗುಲುತ್ತದೆ. ನಾನು ದರ್ಜಿ. ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಬ್ಲೌಸ್ ರಾಶಿ ಬೀಳುತ್ತದೆ, ಹತ್ತು ಗಂಟೆ ಮಿಷನ್ ಮುಂದಿಂದ ಏಳುವುದಿಲ್ಲ. ಒಂದು ವರ್ಷ ಚಳಿಗಾಲದಲ್ಲೇ ಮೂರು ಸಲ ಎದೆ ಕಟ್ಟಿ ಮಲಗಿದೆ. ಆಗ ಡಾಕ್ಟರ್ ಮೇಡಂ ಹೊಟ್ಟೆ ಒತ್ತಿ ನೋಡಿ, ಗುಲ್ಮ (ಹೊಟ್ಟೆಯ ಎಡಗಡೆ ಇರುವ ಸ್ಪ್ಲೀನ್) ಊದಿಲ್ಲ, ನಡೆಯೋಕೆ ಶುರು ಮಾಡಿ ಅಂದರು. ಗುಲ್ಮ ದೊಡ್ಡದಾಗಿದ್ದರೆ ಭಾರ ಎತ್ತುವುದು, ಹೊಟ್ಟೆಗೆ ಪೆಟ್ಟು ಬೀಳುವ ಆಟ ಕೂಡದಂತೆ.

ಮೊದಲ ತಿಂಗಳು ಬೀದಿಯಲ್ಲೇ ಕಾಲು ಗಂಟೆ. ಆಮೇಲೆ ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸು ನಡಿಗೆ. ಬಿರುಸು ಅಂದರೆ ಎಷ್ಟು ಅಂತ ಅಳೆಯುತ್ತಿದ್ದವಳು ಜೊತೆಗೆ ಬರುತ್ತಿದ್ದ ಹೆಂಡತಿ. “ಏನ್ರೀ, ಒಂದು ಹಾಡು ಹೇಳಿ ನೋಡೋಣ” ಅನ್ನುತ್ತಿದ್ದಳು. ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಹಾಡು ಬಂದುಬಿಟ್ಟರೆ ಬೈಗುಳ. ಅಂಗಡಿಯಲ್ಲಿ ಕೈ ಕಟ್ಟಿಕೊಂಡು ಸ್ಟೂಲಿಂದ ಹತ್ತು ಸಲ ಎದ್ದು ಕೂರುವುದನ್ನೂ ಸೇರಿಸಿದೆ. ಗಿರಾಕಿಗಳು ನಗುತ್ತಿದ್ದರು, ನಗಲಿ. ಜ್ವರ ಬಂದ ದಿನ ಮಾತ್ರ ಯಾವುದೂ ಇಲ್ಲ. 100.4 ಡಿಗ್ರಿ ಮುಟ್ಟಿದರೆ ಕಷಾಯ ಕುಡಿದು ಕಾಯುವುದಿಲ್ಲ, ಡಾಕ್ಟರಿಗೆ ಫೋನ್.

ಈಗ ಆ 51,000ದ ಕಥೆ. ರಿಪೋರ್ಟ್ ನೋಡಿದ ಮೇಡಂ ಮೊದಲು ಕೇಳಿದ್ದೇ “ಓಡಿಕೊಂಡು ಬಂದು ರಕ್ತ ಕೊಟ್ರಾ?” ಅಂತ. ಅವರು ಹೇಳಿದ್ದು ನನಗೆ ನನ್ನ ಕಸುಬಿನ ಭಾಷೆಯಲ್ಲೇ ಅರ್ಥವಾಯಿತು. ಹೊಲಿದ ಬಟ್ಟೆ ಒದರಿದರೆ ಮಡಿಕೆಯಲ್ಲಿ ಕೂತಿದ್ದ ಗುಂಡುಪಿನ್ನು, ದಾರ, ಚೂರು ಎಲ್ಲ ಉದುರುತ್ತವೆ ಅಲ್ವಾ? ಹಾಗೆ, ಜೋರಾಗಿ ಮೈ ದಣಿದಾಗ ಅಡ್ರಿನಲಿನ್ ಏರಿ, ರಕ್ತನಾಳದ ಗೋಡೆಗೆ, ಗುಲ್ಮದಲ್ಲಿ ಅಂಟಿಕೊಂಡಿದ್ದ ಕಣಗಳು ಹರಿಯುವ ರಕ್ತಕ್ಕೆ ಬೀಳುತ್ತವೆ. ಸೋಂಕು ಹಿಡಿದ ಕಣವನ್ನೂ ಕ್ಯಾನ್ಸರ್ ಕಣವನ್ನೂ ಕೊಲ್ಲುವ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕಣಗಳು ಮೊದಲಿದ್ದದ್ದಕ್ಕೆ ಹೋಲಿಸಿದರೆ ಎಲ್ಲಕ್ಕಿಂತ ಜಾಸ್ತಿ ಏರುತ್ತವೆ. ಜೊತೆಗೆ ನನ್ನ ಕ್ಯಾನ್ಸರ್ ಕಣಗಳೂ. ಲ್ಯಾಬಿನವರು ಎಣಿಸಿದ್ದು ಅದನ್ನೇ. ದಣಿವಾರಿದ ಮೇಲೆ ಲೆಕ್ಕ ಇಳಿಯುತ್ತದೆ. ಎನ್‌ಕೆ ಕಣಗಳು ಸಾಯುವುದಿಲ್ಲ, ಬೇರೆ ಅಂಗಗಳ ಕಡೆ ಹೋಗುತ್ತವಂತೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ನನ್ನಂಥ, ಇನ್ನೂ ಔಷಧಿ ಶುರುವಾಗದ ಹಿರಿಯರಿಗೆ 12 ವಾರ ವ್ಯಾಯಾಮ ಮಾಡಿಸಿ ನೋಡಿದ್ದಾರೆ. ಎನ್‌ಕೆ ಕಣಗಳ ಕೊಲ್ಲುವ ಶಕ್ತಿ ಹೆಚ್ಚಿತಂತೆ. ಆದರೆ ಅದು ಕೆಲವೇ ಜನರ ಮೇಲಿನ ಪುಟ್ಟ ಅಧ್ಯಯನ. ನಡೆದರೆ ಕ್ಯಾನ್ಸರ್ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ.

ಮುಂದಿನ ವಾರ ಲ್ಯಾಬಿನ ಬೆಂಚಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತು ರಕ್ತ ಕೊಟ್ಟೆ. 43,000. ಅದಾದ ಮೇಲಿನ ಚಳಿಗಾಲದಲ್ಲಿ ಒಂದೇ ಸಲ ನೆಗಡಿ. ಆ ವರ್ಷವೇ ಫ್ಲೂ, ನ್ಯುಮೋನಿಯಾ ಲಸಿಕೆಯನ್ನೂ ಹಾಕಿಸಿಕೊಂಡಿದ್ದೆ, ಹಾಗಾಗಿ ಎಲ್ಲ ಹೆಗ್ಗಳಿಕೆ ಕಾಲಿಗೇ ಕೊಡಲಾರೆ. ಈಗ ರಿಪೋರ್ಟಿನ ದಿನ ಅಂತರಗಂಗೆ ಸಂಜೆಗೆ.